ಊರಿನ ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ: ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರೊಂದಿಗೆ ಏನು ಮಾಡಬಹುದು?

ಶರಾವತಿ ದಂಡೆ (ಸಾಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಭಾವನವರಿಗೆ ಸ್ಕಿಜೋಫ್ರೇನಿಯಾ ಇದೆ. ಔಷಧಿ ತಪ್ಪದೆ ನಡೆಯುತ್ತಿದೆ. ಕಿವಿಯಲ್ಲಿ ಕೇಳಿಸುತ್ತಿದ್ದ ದನಿಗಳು ಬಹುಮಟ್ಟಿಗೆ ನಿಂತಿವೆ. ಆದರೆ ಬೆಳಿಗ್ಗೆ ತಿಂಡಿ ತಿಂದು ಜಗಲಿಯಲ್ಲಿ ಕುಳಿತರೆ ಸಂಜೆಯವರೆಗೂ ಅಲ್ಲಿಯೇ ಇರುತ್ತಾರೆ. ಒಂದು ಕಾಲದಲ್ಲಿ ಊರಿನ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದವರು ಅವರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅವರ ಸುತ್ತಲೇ ಜನ ಸೇರುತ್ತಿದ್ದರು. ಈಗ ಯಾರಾದರೂ ಅಂಗಳಕ್ಕೆ ಬಂದರೆ ಎದ್ದು ಒಳಗೆ ಹೋಗುತ್ತಾರೆ.

ನಮ್ಮ ಆಶಾ ಕಾರ್ಯಕರ್ತೆಯೊಡನೆ ಮಾತನಾಡಿದಾಗ ಇಂಥ ಮನೆಗಳು ಸುತ್ತಮುತ್ತ ಇನ್ನೂ ಇವೆ ಎಂದು ತಿಳಿಯಿತು. ಹೆರಿಗೆಯ ನಂತರ ಖಿನ್ನತೆಗೆ ಒಳಗಾದ ತಾಯಿ, ಕುಡಿತ ಬಿಟ್ಟ ಮೇಲೆ ಹಳೆಯ ಗೆಳೆಯರ ಬಳಿಗೂ ಹೋಗಲಾಗದೆ ಮನೆಯಲ್ಲೇ ಉಳಿದ ಹುಡುಗ, ಮಗನನ್ನು ಕಳೆದುಕೊಂಡ ಅಜ್ಜಿ. ಪಂಚಾಯಿತಿಯ ಅರಿವು ಕೇಂದ್ರದ ಹಿಂದಿನ ಕೊಠಡಿಯನ್ನು ವಾರಕ್ಕೊಂದು ಸಂಜೆ ಬಿಟ್ಟುಕೊಡಲು ಗ್ರಂಥಾಲಯದ ಮೇಲ್ವಿಚಾರಕರು ಒಪ್ಪಿದ್ದಾರೆ. ಹಾಡು, ಚಿತ್ತಾರ, ನಾಟಕದ ಓದು ಎಂದು ನಮ್ಮ ತಲೆಯಲ್ಲಿ ಹಲವು ಯೋಚನೆಗಳಿವೆ. ಯಾವುದರಿಂದ ಆರಂಭಿಸಬೇಕು? ತರಬೇತಿ ಇಲ್ಲದ ನಮ್ಮಂಥವರು ಇದನ್ನು ನಡೆಸಬಹುದೇ? ಇದರಿಂದ ಯಾರಿಗಾದರೂ ಕೆಡುಕಾಗುವ ಸಾಧ್ಯತೆ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಸಮಾಜ ಕಾರ್ಯಕರ್ತೆ (ಧಾರವಾಡ)

ಮನೋವೈದ್ಯಕೀಯ ಸಮಾಜ ಕಾರ್ಯ ನನ್ನ ವೃತ್ತಿ. ನಿಮ್ಮ ಭಾವನವರ ಬಗ್ಗೆ ಬರೆದದ್ದನ್ನು ಓದಿದಾಗ ಹೊರರೋಗಿ ವಿಭಾಗದಲ್ಲಿ ಕಾಣುವ ಎಷ್ಟೋ ಮುಖಗಳು ನೆನಪಾದವು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಅವರು ಸೋಮಾರಿಯಲ್ಲ. ದನಿ ಕೇಳಿಸುವುದು, ಇಲ್ಲದ ಸಂಶಯ ಬರುವುದು ಇವುಗಳ ಮೇಲೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಉತ್ಸಾಹ ಬತ್ತುವುದು, ಮಾತು ಕಡಿಮೆಯಾಗುವುದು, ಜನರಿಂದ ದೂರ ಸರಿಯುವುದು ಇವೂ ಅದೇ ಕಾಯಿಲೆಯ ಲಕ್ಷಣಗಳೇ. ಆದರೆ ಇವುಗಳ ಮೇಲೆ ಔಷಧಿಯ ಹಿಡಿತ ಕಡಿಮೆ. ಮನೆಯವರು ಬೈಯುವುದೂ ಇದಕ್ಕಾಗಿಯೇ, ಸೋತು ಕೈಬಿಡುವುದೂ ಇದಕ್ಕಾಗಿಯೇ. ಔಷಧಿಯ ಜೊತೆಗೆ ಕೈಗೆ ಕೆಲಸ, ಹೋಗಲು ಒಂದು ಜಾಗ, ಕಾಯುವ ನಾಲ್ಕು ಜನ ಬೇಕಾಗುವುದು ಇಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬೇಕರಿ, ಹೊಲಿಗೆ, ಮರಗೆಲಸಗಳನ್ನು ಒಳಗೊಂಡ ಪುನರ್ವಸತಿ ವಿಭಾಗವಿರುವುದೂ ಈ ಕಾರಣಕ್ಕೆ.

ತರಬೇತಿಯ ಪ್ರಶ್ನೆಗೆ ಗೋವಾದ ಉದಾಹರಣೆ ಕೊಡುತ್ತೇನೆ. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ 495 ಜನರೊಂದಿಗೆ ನಡೆದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಸ್ಥಳೀಯ ಸಲಹಾಗಾರರ ಕೆಲವು ಭೇಟಿಗಳು. ಆ ಸಲಹಾಗಾರರು ವೈದ್ಯರಲ್ಲ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣ ಎಂದು ಕಾಯದೆ, ಹಿಂದೆ ಹಿಡಿಸುತ್ತಿದ್ದ ಸಣ್ಣ ಕೆಲಸವೊಂದನ್ನು ಇಂದೇ ಮಾಡುವಂತೆ ಅವರು ಜೊತೆ ನಿಂತು ಉತ್ತೇಜಿಸುತ್ತಿದ್ದರು. ಮೂರು ತಿಂಗಳ ಹೊತ್ತಿಗೆ ಎರಡನೆಯ ಗುಂಪಿನಲ್ಲಿ ಶೇ 64ರಷ್ಟು ಜನ ಖಿನ್ನತೆಯ ಅಳತೆಯಿಂದ ಹೊರಬಂದಿದ್ದರು. ಮೊದಲ ಗುಂಪಿನಲ್ಲಿ ಶೇ 39. ಆ ಸಲಹಾಗಾರರಿಗೂ ತರಬೇತಿ ಇತ್ತು, ಮೇಲ್ವಿಚಾರಣೆ ಇತ್ತು. ಆದ್ದರಿಂದ ನೀವು ಆರಂಭಿಸಿ, ಆದರೆ ಒಬ್ಬ ತಜ್ಞರ ಸಂಪರ್ಕ ಇಟ್ಟುಕೊಂಡೇ ಆರಂಭಿಸಿ.

ಅಂಕಿ ನೋಡುವವನು (ಬೆಂಗಳೂರು)

ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಉದ್ದೇಶವಲ್ಲ. ಆದರೆ ಇನ್ನೊಂದು ಅಧ್ಯಯನವನ್ನೂ ಇಲ್ಲಿ ಇಡಲೇಬೇಕು. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇದ್ದ 417 ಜನರಲ್ಲಿ ಕೆಲವರಿಗೆ ವಾರಕ್ಕೊಮ್ಮೆ ಗುಂಪಿನಲ್ಲಿ ಚಿತ್ರಕಲಾ ಚಿಕಿತ್ಸೆ ಕೊಟ್ಟು ನೋಡಿದರು. ಎರಡು ವರ್ಷಗಳ ನಂತರ ಅಳೆದಾಗ ಎಂದಿನ ಆರೈಕೆ ಪಡೆದವರಿಗಿಂತ ಅವರ ಸ್ಥಿತಿ ಉತ್ತಮವಾಗಿರಲಿಲ್ಲ. ಇದು 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶ.

ನನ್ನ ಆತಂಕ ಬೇರೆಯದು. ನಮ್ಮಲ್ಲಿ ಮಾತ್ರೆ ನಿಲ್ಲಿಸಲು ನೆಪ ಹುಡುಕುವ ಮನೆಗಳು ಬೇಕಾದಷ್ಟಿವೆ. ಹಾಡಿದರೆ ಹುಷಾರಾಗುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಮುಂದಿನ ತಿಂಗಳು ಔಷಧಿ ತರುವವರಿರುವುದಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಚಿಕಿತ್ಸೆ ಬೇಕಾದವರಲ್ಲಿ ಬಹುಪಾಲು ಜನರಿಗೆ ಅದು ಸಿಗುತ್ತಲೇ ಇಲ್ಲ. ಸಿಕ್ಕವರ ಕೈಯಿಂದಲೂ ಅದು ಜಾರಬಾರದು.

ಸಮಾಜ ಕಾರ್ಯಕರ್ತೆ (ಧಾರವಾಡ)

ನೀವು ಆ ಅಧ್ಯಯನ ತಂದದ್ದಕ್ಕೆ ಧನ್ಯವಾದಗಳು. ಅದರಲ್ಲಿ ಇನ್ನೊಂದು ಸಂಗತಿಯೂ ಇದೆ: ಹಾಜರಾತಿ ತುಂಬಾ ಕಡಿಮೆಯಿತ್ತು. ಬರದವರಿಗೆ ಪ್ರಯೋಜನ ಆಗುವುದಾದರೂ ಹೇಗೆ? ನಾನು ಅದನ್ನು ಹೀಗೆ ಓದುತ್ತೇನೆ: ಆಸಕ್ತಿ ಇದೆಯೋ ಇಲ್ಲವೋ ಕೇಳದೆ ಎಲ್ಲರಿಗೂ ಕುಂಚ ಕೊಟ್ಟರೆ ಜನ ಉಳಿಯುವುದಿಲ್ಲ. ಒಬ್ಬೊಬ್ಬರಿಗೆ ಕಾಯಿಲೆಗಿಂತ ಮೊದಲೇ ಯಾವುದರ ಮೇಲೆ ಪ್ರೀತಿ ಇತ್ತು ಎಂಬುದರಿಂದ ಆರಂಭಿಸಬೇಕು. ಭಾವನವರಿಗೆ ಅದು ನಾಟಕ. ಅಜ್ಜಿಗೆ ಏನೋ, ಕೇಳಬೇಕು.

ಔಷಧಿಯ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಸಹಮತ ಪೂರ್ತಿಯಾಗಿ ಇದೆ. ಗುಂಪಿನಲ್ಲಿ ಯಾರೂ ಯಾರ ಮಾತ್ರೆಯ ಬಗ್ಗೆಯೂ ಸಲಹೆ ಕೊಡಬಾರದು, ನಿಲ್ಲಿಸು ಎಂದಂತೂ ಹೇಳಲೇಬಾರದು. ಈ ಒಂದು ನಿಯಮವನ್ನು ಗೋಡೆಯ ಮೇಲೆ ಬರೆದು ಹಾಕಿದರೂ ತಪ್ಪಿಲ್ಲ.

ಮ್ಯಾಂಚೆಸ್ಟರ್ ಕನ್ನಡತಿ

ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ 2019ರಿಂದ ವೈದ್ಯರ ಕ್ಲಿನಿಕ್‌ಗಳಲ್ಲಿ ಒಬ್ಬ ಸಂಪರ್ಕ ಕಾರ್ಯಕರ್ತರನ್ನು ನೇಮಿಸುವ ಕ್ರಮ ದೊಡ್ಡದಾಗಿ ಬೆಳೆದಿದೆ. ಒಂಟಿತನದಿಂದ ಕುಗ್ಗಿದವರು ಬಂದರೆ ವೈದ್ಯರು ಆ ಕಾರ್ಯಕರ್ತರ ಬಳಿಗೆ ಕಳುಹಿಸುತ್ತಾರೆ. ಅವರು ಕುಳಿತು ಮಾತನಾಡಿ ಬಡಾವಣೆಯ ಹಾಡಿನ ಗುಂಪಿಗೋ ತೋಟದ ಕೆಲಸಕ್ಕೋ ಜೊತೆ ಮಾಡಿಸುತ್ತಾರೆ. ಮೊದಲ ದಿನ ಕೈಹಿಡಿದು ಕರೆದುಕೊಂಡು ಹೋಗುವವರೂ ಇದ್ದಾರೆ. ನನ್ನ ಅನುಭವದಲ್ಲಿ ಆ ಮೊದಲ ದಿನದ ಜೊತೆಯೇ ಎಲ್ಲಕ್ಕಿಂತ ದೊಡ್ಡದು. ಫೋನ್ ನಂಬರ್ ಬರೆದುಕೊಟ್ಟರೆ ಯಾರೂ ಹೋಗುವುದಿಲ್ಲ.

ಹೆರಿಗೆಯ ನಂತರದ ಖಿನ್ನತೆಯ ಬಗ್ಗೆ ಕೇಳಿದ್ದೀರಿ. ಲಂಡನ್ನಿನಲ್ಲಿ 134 ತಾಯಂದಿರೊಂದಿಗೆ ಹತ್ತು ವಾರಗಳ ಅಧ್ಯಯನ ನಡೆದಿದೆ, 2018ರಲ್ಲಿ ಪ್ರಕಟವಾಯಿತು. ಕೆಲವರು ಮಕ್ಕಳನ್ನು ಎತ್ತಿಕೊಂಡು ಒಟ್ಟಿಗೆ ಹಾಡಿದರು, ಕೆಲವರು ಮಕ್ಕಳೊಂದಿಗೆ ಆಟದ ಗುಂಪಿಗೆ ಹೋದರು, ಉಳಿದವರಿಗೆ ಎಂದಿನ ಆರೈಕೆ. ಲಕ್ಷಣಗಳು ಹೆಚ್ಚಾಗಿದ್ದ ತಾಯಂದಿರಲ್ಲಿ ಹಾಡಿದವರು ಬೇಗ ಚೇತರಿಸಿಕೊಂಡರು. ಆಟದ ಗುಂಪಿನಲ್ಲಿ ಅಷ್ಟು ವೇಗ ಕಾಣಲಿಲ್ಲ. ಆದ್ದರಿಂದ ಬರಿಯ ಜೊತೆಗೂಡುವಿಕೆಯಷ್ಟೇ ಅಲ್ಲ, ಹಾಡಿನಲ್ಲಿಯೂ ಏನೋ ಇದೆ. ನಮ್ಮ ಕಡೆ ಜೋಗುಳಕ್ಕೆ ಬರವೇ? ಆ ತಾಯಿಯನ್ನು ಖಿನ್ನತೆಯ ಗುಂಪಿಗೆ ಬಾ ಎಂದು ಕರೆಯಬೇಡಿ. ಅಜ್ಜಿಯರಿಂದ ತೊಟ್ಟಿಲ ಪದ ಕಲಿಯಲು ಬಾ ಎಂದು ಕರೆಯಿರಿ, ಮಗನನ್ನು ಕಳೆದುಕೊಂಡ ಆ ಅಜ್ಜಿಗೆ ಕಲಿಸಲು ಮನಸ್ಸಿದೆಯೇ ಎಂದು ಮೊದಲು ಮೆಲ್ಲಗೆ ಕೇಳಿ. ತೊಟ್ಟಿಲ ಪದವೇ ಅವರಿಗೆ ಗಾಯ ಕೆದಕಿದಂತೆ ಆಗಬಹುದು. ಹಾಗಾದರೆ ಬೇರೆಯವರನ್ನು ನೋಡಿ.

ಮದ್ದಳೆ (ಹೊನ್ನಾವರ)

ನಾಟಕ ಗೊತ್ತಿದ್ದವರಿಗೆ ಯಕ್ಷಗಾನದ ತಾಳಮದ್ದಳೆಗಿಂತ ಒಳ್ಳೆಯ ದಾರಿ ಇಲ್ಲ. ವೇಷ ಬೇಡ, ಬಣ್ಣ ಬೇಡ, ರಂಗಸ್ಥಳ ಬೇಡ. ಕುಳಿತಲ್ಲೇ ಆಗುತ್ತದೆ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ತನ್ನ ಮಾತಿನಲ್ಲಿ ಅದನ್ನು ಬೆಳೆಸುತ್ತಾನೆ. ಎದುರಿನವನ ಮಾತಿಗೆ ಉತ್ತರ ಹುಡುಕಬೇಕಾದ್ದರಿಂದ ಮನಸ್ಸು ಬೇರೆಲ್ಲಿಗೂ ಹೋಗುವಂತಿಲ್ಲ. ಮಾತು ಬಾರದ ದಿನ ತಾಳ ಹಿಡಿದು ಕುಳಿತರೂ ಪ್ರಸಂಗದಲ್ಲಿ ಪಾಲಿದೆ. ಈ ಸೌಲಭ್ಯ ಬೇರೆ ಕಲೆಗಳಲ್ಲಿ ಇಷ್ಟಿಲ್ಲ. ಮಳೆಗಾಲದಲ್ಲಿ ಯಕ್ಷಗಾನದ ಆಟಗಳು ನಿಂತಿರುವಾಗ ಕಲಾವಿದರೂ ಬಿಡುವಾಗಿರುತ್ತಾರೆ, ಒಬ್ಬ ಭಾಗವತರನ್ನು ಒಪ್ಪಿಸುವುದು ಕಷ್ಟವಾಗದು.

ನಿಮ್ಮ ತಾಲ್ಲೂಕಿನಲ್ಲೇ ಹೆಗ್ಗೋಡು ಇದೆ. 1949ರಿಂದ ನೀನಾಸಂ ಅಲ್ಲಿ ಹಳ್ಳಿಯವರ ನಡುವೆ ರಂಗಭೂಮಿ ಕಟ್ಟಿದೆ. ಹಗಲು ತೋಟದಲ್ಲಿ ದುಡಿದು ಸಂಜೆ ಬಣ್ಣ ಹಚ್ಚುವುದು ನಿಮ್ಮ ಸುತ್ತಿನ ಜನರಿಗೆ ಹೊಸದಲ್ಲ. ಭಾವನವರು ಹಿಂದೆ ಯಾರ ಜೊತೆ ಪಾತ್ರ ಮಾಡಿದ್ದರೋ ಅವರಲ್ಲೊಬ್ಬರು ಮನೆಗೆ ಬಂದು ಕರೆದರೆ ಅದರ ಬೆಲೆಯೇ ಬೇರೆ.

ಎರಡನೆಯ ಇನಿಂಗ್ಸ್ (ಶಿವಮೊಗ್ಗ)

ನನಗೆ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ಕುಗ್ಗಿಹೋಗುವ ಕಾಯಿಲೆ) ಇದೆ, ವರ್ಷಗಳಿಂದ ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ ಬರೆದವರೆಲ್ಲ ಒಳ್ಳೆಯದನ್ನೇ ಬರೆದಿದ್ದೀರಿ. ಕಾಯಿಲೆ ಇರುವವರ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಮದ್ದಳೆಯಣ್ಣ, ರಾತ್ರಿಯಿಡೀ ನಡೆಯುವ ಆಟಕ್ಕೆ ನಮ್ಮಂಥವರನ್ನು ಕರೆಯಬೇಡಿ. ನಿದ್ದೆಗೆಟ್ಟರೆ ನನ್ನ ಮನಸ್ಸು ಏರುಗತಿಗೆ ಹೋಗುತ್ತದೆ. ಎರಡು ಇರುಳು ನಿದ್ದೆ ಇಲ್ಲದಿದ್ದರೆ ಮೂರನೆಯ ದಿನ ನಾನು ಲೋಕವನ್ನೇ ಗೆಲ್ಲುವ ಮಾತನಾಡುತ್ತೇನೆ, ಸಾಲ ಮಾಡುತ್ತೇನೆ, ಆಮೇಲೆ ಆಸ್ಪತ್ರೆ. ಈಗ ಕಾಲಮಿತಿ ಯಕ್ಷಗಾನ ಎಲ್ಲೆಡೆ ಇದೆ. ಸಂಜೆ ಆರಂಭಿಸಿ ಒಂಬತ್ತರೊಳಗೆ ಮಂಗಳ ಹಾಡಿಬಿಡಿ.

ಎರಡನೆಯದು ಫೋಟೊ. ಯಾವುದೋ ಸಂಘದವರು ನಮ್ಮನ್ನು ಹಾಡಿಸಿ, ಮನೋರೋಗಿಗಳಿಂದ ಗಾಯನ ಎಂದು ಶೀರ್ಷಿಕೆ ಹಾಕಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರು. ನನ್ನ ತಂಗಿಯ ಮದುವೆಯ ಮಾತುಕತೆ ನಡೆಯುತ್ತಿದ್ದ ಸಮಯ ಅದು. ಚಿಕಿತ್ಸೆಯಲ್ಲಿರುವವರ ಚಿತ್ರವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಇಷ್ಟು ಮರ್ಯಾದೆ ನಮಗೆ ಸಲ್ಲಬೇಕು.

ಮೂರನೆಯದರಲ್ಲಿ ನನ್ನ ಅಭಿಪ್ರಾಯ ಬೇರೆ. ಕಾಯಿಲೆಯ ಹೆಸರಿಲ್ಲದ, ಊರಿನ ಎಲ್ಲರೂ ಸೇರುವ ಗುಂಪು ಒಳ್ಳೆಯದು ಎಂಬ ಧಾಟಿ ಇಲ್ಲಿ ಕಾಣುತ್ತಿದೆ. ಅದು ಬೇಕು, ಒಪ್ಪುತ್ತೇನೆ. ಆದರೆ ಇದೇ ದಾರಿಯಲ್ಲಿ ನಡೆದುಬಂದವರು ಮಾತ್ರ ಇರುವ ಒಂದು ಗಂಟೆಯೂ ಬೇಕು. ವಿದ್ಯುತ್ ಚಿಕಿತ್ಸೆಯ ಭಯದ ಬಗ್ಗೆ, ಹೆಂಡತಿಗೆ ಹೇಗೆ ಹೇಳಿದೆ ಎಂಬುದರ ಬಗ್ಗೆ ತಾಳಮದ್ದಳೆಯ ನಡುವೆ ಮಾತನಾಡಲಾಗುವುದಿಲ್ಲ.

ಸಮಾಜ ಕಾರ್ಯಕರ್ತೆ (ಧಾರವಾಡ)

ನಿಮ್ಮ ಮೂರನೆಯ ಮಾತು ನನ್ನ ಯೋಚನೆಯನ್ನು ಬದಲಿಸಿದೆ. ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಇಡಬಹುದು. ಎಲ್ಲರೂ ಬರುವ ಮೊದಲು, ಬೇಕಾದವರಿಗೆ ಮಾತ್ರ, ಒಂದು ಗಂಟೆ.

ಕೌದಿ ಹೊಲಿಯುವವಳು (ಗದಗ)

ನಾನು ಓದಿದವಳಲ್ಲ, ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಮ್ಮ ಮನೆಯವರು ಹೊಲದ ಸಾಲದಲ್ಲಿ ಜೀವ ಕಳೆದುಕೊಂಡರು. ಆಗ ಜನ ಬಂದು ಹೇಗಾಯಿತು, ಯಾಕಾಯಿತು, ಎಷ್ಟು ಸಾಲ ಎಂದು ಕೇಳುತ್ತಿದ್ದರು. ಒಬ್ಬ ಅಕ್ಕ ಮಾತ್ರ ಹಾಗೆ ಕೇಳಲಿಲ್ಲ. ಹಳೆಯ ಸೀರೆಗಳ ಗಂಟು ತಂದು ಕೌದಿ ಹಾಸಿ, ಆ ಕಡೆಯ ಅಂಚಿನಲ್ಲಿ ತಾನು ಕುಳಿತು, ಈ ಕಡೆಯ ಅಂಚು ನನಗೆ ಕೊಟ್ಟಳು. ಕೌದಿ ಹೊಲಿಯುವಾಗ ಕಣ್ಣು ಬಟ್ಟೆಯ ಮೇಲೆ ಇರುತ್ತದೆ, ಎದುರಿನವರ ಮುಖ ನೋಡಬೇಕಾಗಿಲ್ಲ. ಹಾಗಾಗಿ ಅಳು ಬಂದರೂ ನಾಚಿಕೆ ಇರುವುದಿಲ್ಲ. ಅಂಚಿನಿಂದ ಆರಂಭಿಸಿ ನಡುವಿಗೆ ಬರುವಷ್ಟರಲ್ಲಿ ನಾನಾಗಿಯೇ ಮಾತನಾಡಿದ್ದೆ. ಆಮೇಲೆ ಓಣಿಯ ಇನ್ನೂ ಕೆಲವರು ಸೇರಿದರು. ಈಗ ಕೌದಿಗೆ ಬೇಡಿಕೆಯೂ ಇದೆ, ಸ್ವಲ್ಪ ದುಡ್ಡು ಬರುತ್ತದೆ. ತಂಗಿ, ನಿಮ್ಮ ಗುಂಪಿನಲ್ಲಿ ಕೈಗೆ ಏನಾದರೂ ಕೊಡಿ. ಸುಮ್ಮನೆ ವೃತ್ತಾಕಾರವಾಗಿ ಕೂರಿಸಿ ನಿಮ್ಮ ಕಷ್ಟ ಹೇಳಿ ಎಂದರೆ ನನ್ನಂಥವಳು ಎರಡನೆಯ ಸಲ ಬರುವುದಿಲ್ಲ.

ನಿರ್ವಾಹಕರು

ಮೇಲಿನ ಮಾತನ್ನು ಓದಿ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ, ಅಥವಾ ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದರೆ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ಡ್ರಾಯಿಂಗ್ ಮೇಷ್ಟ್ರು (ತೀರ್ಥಹಳ್ಳಿ)

ಗದಗಿನ ಅಕ್ಕನವರ ಮಾತಿನ ಮುಂದೆ ನನ್ನ ಮಾತು ಸಣ್ಣದು. ಆದರೂ ಸಾಗರದವರು ಚಿತ್ತಾರ ಎಂದಿದ್ದರಿಂದ ಬರೆಯುತ್ತೇನೆ. ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಅಂಗಡಿಯ ಬಣ್ಣ ಬೇಕಿಲ್ಲ. ಕೆಮ್ಮಣ್ಣಿನ ನೆಲೆ, ಅಕ್ಕಿ ಅರೆದ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಗೆರೆ ಎಳೆಯುವುದಕ್ಕಿಂತ ಮೊದಲೇ ಅರೆಯುವುದು, ಸೋಸುವುದು, ನಾರು ಜಜ್ಜುವುದು ಎಂದು ಅರ್ಧ ದಿನದ ಕೆಲಸವಿದೆ. ನನಗೆ ಚಿತ್ರ ಬರುವುದಿಲ್ಲ ಎನ್ನುವವರಿಗೂ ಅದರಲ್ಲಿ ಪಾಲು ಸಿಗುತ್ತದೆ. ಕಲಿಸಲು ಬಲ್ಲ ಹಿರಿಯರನ್ನೇ ಕರೆಯಿರಿ, ಗೌರವಧನ ಕೊಡಿ. ಅವರ ಮನೆಯ ಕಲೆಯನ್ನು ಬಿಟ್ಟಿ ಪಾಠ ಮಾಡಿಸಬೇಡಿ.

ಬರೆದದ್ದಕ್ಕೆ ಅರ್ಥ ಹೇಳಲು ಹೋಗಬಾರದು. ಕಪ್ಪು ಹೆಚ್ಚು ಬಳಸಿದ್ದಾರೆ ಎಂದರೆ ದುಃಖ ಎಂದು ತೀರ್ಪು ಕೊಡುವವರನ್ನು ಕಂಡಿದ್ದೇನೆ, ಕೋಪ ಬರುತ್ತದೆ. ಬ್ರೆಜಿಲ್‌ನ ಮನೋವೈದ್ಯೆ ನೀಸೆ ದ ಸಿಲ್ವೇರಾ ಅವರನ್ನು ಇಲ್ಲಿ ನೆನೆಯಬೇಕು. ವಿದ್ಯುತ್ ಆಘಾತ, ಮೆದುಳಿನ ಶಸ್ತ್ರಕ್ರಿಯೆಗಳೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ ಅವನ್ನು ಮಾಡಲು ಒಪ್ಪದೆ, 1946ರಲ್ಲಿ ರಿಯೊ ನಗರದ ಆಸ್ಪತ್ರೆಯಲ್ಲಿ ಚಿತ್ರ ಮತ್ತು ಮಣ್ಣಿನ ಕೆಲಸದ ಕೋಣೆ ತೆರೆದರು. ವರ್ಷಾನುಗಟ್ಟಲೆ ಒಳಗೇ ಇದ್ದವರು ಅಲ್ಲಿ ಮಾಡಿದ ಕೃತಿಗಳನ್ನು ಕಾಪಾಡಲು 1952ರಲ್ಲಿ ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಆ ಕೃತಿಗಳನ್ನು ಜನ ಇಂದಿಗೂ ಕಲೆಯೆಂದೇ ನೋಡುತ್ತಾರೆ. ನಿಮ್ಮ ಕೊಠಡಿಯಲ್ಲಿ ಬರೆದದ್ದನ್ನೂ ಮರುವಾರ ಗುಡಿಸಿ ಎಸೆಯಬೇಡಿ, ಹೆಸರು ಬರೆದು ಕಪಾಟಿನಲ್ಲಿ ಇಡಿ.

ಅಂಕಿ ನೋಡುವವನು (ಬೆಂಗಳೂರು)

ವಿದ್ಯುತ್ ಚಿಕಿತ್ಸೆಯ ಬಗ್ಗೆ ಒಂದು ಸ್ಪಷ್ಟನೆ: ಆ ಕಾಲದಲ್ಲಿ ಅರಿವಳಿಕೆ ಇಲ್ಲದೆ ಕೊಡುತ್ತಿದ್ದದ್ದು ಬೇರೆ, ಇಂದು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿಯೊಂದಿಗೆ ಕೊಡುವುದು ಬೇರೆ. ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸುತ್ತದೆ. ಓದುವವರು ಹೆದರಬಾರದೆಂದು ಬರೆದೆ. ಉಳಿದಂತೆ ಮೇಷ್ಟ್ರು, ಗದಗಿನ ಅಕ್ಕ ಇಬ್ಬರ ಮಾತೂ ನನಗೆ ಒಪ್ಪಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ ಕಲೆ ಮತ್ತು ಆರೋಗ್ಯದ ಬಗ್ಗೆ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಅವುಗಳ ಗುಣಮಟ್ಟ ಒಂದೇ ತೆರನಾಗಿಲ್ಲ, ಆದರೂ ಪ್ರಯೋಜನದ ಕಡೆಗೇ ತೂಕವಿದೆ. ಚಿಕಿತ್ಸೆಯ ಜೊತೆಗೆ ಎಂಬ ಎರಡು ಪದ ಬಿಟ್ಟುಹೋಗದಿದ್ದರೆ ನನ್ನ ತಕರಾರು ಏನೂ ಇಲ್ಲ.

ಶರಾವತಿ ದಂಡೆ (ಸಾಗರ ತಾಲ್ಲೂಕು)

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಎಂದು ಅಂದುಕೊಂಡಿರಲಿಲ್ಲ. ಗದಗಿನ ಅಕ್ಕ, ನಿಮ್ಮ ಮಾತನ್ನು ನಮ್ಮ ಅತ್ತೆಗೆ ಓದಿ ಹೇಳಿದೆ. ಹಳೆಯ ಸೀರೆಗಳನ್ನು ಅವರೇ ತೆಗೆದಿಟ್ಟಿದ್ದಾರೆ.

ಹೀಗೆ ಯೋಚಿಸಿದ್ದೇವೆ. ನಾಲ್ಕರಿಂದ ಐದರವರೆಗೆ ಕಾಯಿಲೆಯನ್ನು ಬಲ್ಲವರು ಮಾತ್ರ. ಐದರಿಂದ ಏಳರವರೆಗೆ ಊರಿನ ಯಾರಾದರೂ ಬರಬಹುದು, ಒಂದು ಮೂಲೆಯಲ್ಲಿ ಕೌದಿ, ಇನ್ನೊಂದರಲ್ಲಿ ತಾಳಮದ್ದಳೆಯ ಅಭ್ಯಾಸ. ಚಿತ್ತಾರವನ್ನು ದೀಪಾವಳಿ ಹತ್ತಿರವಾದಾಗ ಹಿಡಿಯುತ್ತೇವೆ. ಫೋನ್‌ಗಳನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿ ಇಡಬೇಕು. ಭಾವನವರ ಜೊತೆ ಹಿಂದೆ ಪಾತ್ರ ಮಾಡುತ್ತಿದ್ದ ಒಬ್ಬರು ಮೊನ್ನೆ ಮನೆಗೆ ಬಂದಿದ್ದರು. ಭಾವ ಒಳಗೆ ಹೋಗಲಿಲ್ಲ. ಮಾತೂ ಹೆಚ್ಚು ಆಡಲಿಲ್ಲ, ಆದರೆ ಅವರು ಹಳೆಯ ಪಾತ್ರದ ಮಾತೊಂದನ್ನು ತಪ್ಪು ಹೇಳಿದಾಗ ಸರಿಪಡಿಸಿದರು.

ಇನ್ನು ಸಮಾಜ ಕಾರ್ಯಕರ್ತೆ ಮೇಡಂ ಅವರಿಗೆ ಒಂದು ಪ್ರಶ್ನೆ. ಭಾವನವರ ಕೈ ಸ್ವಲ್ಪ ನಡುಗುತ್ತದೆ, ಮಧ್ಯಾಹ್ನದವರೆಗೂ ಮಂಪರು. ಇನ್ನೊಬ್ಬರಿಗೆ ಒಂದೆಡೆ ಕೂರಲು ಆಗುವುದಿಲ್ಲ. ಇವರಿಗೆ ಹೇಗೆ ಅನುಕೂಲ ಮಾಡಿಕೊಡುವುದು?

ಸಮಾಜ ಕಾರ್ಯಕರ್ತೆ (ಧಾರವಾಡ)

ಮಂಪರು ಮತ್ತು ನಡುಕ ಎರಡೂ ಔಷಧಿಯಿಂದ ಬರಬಹುದು. ನಡುಕ ಹೊಸದಾಗಿದ್ದರೆ ಅಥವಾ ಹೆಚ್ಚಾಗುತ್ತಿದ್ದರೆ ವೈದ್ಯರಿಗೆ ಹೇಳಿಸಿ, ಪ್ರಮಾಣ ಹೊಂದಿಸುತ್ತಾರೆ. ಅಲ್ಲಿಯವರೆಗೆ ಸಣ್ಣ ಸೂಜಿ ಕೊಡಬೇಡಿ, ದಬ್ಬಣ ಮತ್ತು ದಪ್ಪ ದಾರ ಕೊಡಿ, ಇಲ್ಲವೇ ಬಟ್ಟೆ ಹರಿದು ಜೋಡಿಸುವ ಕೆಲಸ ಕೊಡಿ. ತಾಳ ಹಿಡಿಯುವುದಕ್ಕೆ ನಡುಕ ಅಡ್ಡಿಯಾಗುವುದಿಲ್ಲ. ಸಂಜೆ ನಾಲ್ಕು ಗಂಟೆ ಎಂದು ಇಟ್ಟದ್ದು ಸರಿಯಾಗಿದೆ, ಬೆಳಗಿನ ಹೊತ್ತು ಯಾರೂ ಬರಲಾರರು.

ಒಂದೆಡೆ ಕೂರಲಾಗದವರ ವಿಷಯವನ್ನು ಹಗುರವಾಗಿ ನೋಡಬೇಡಿ. ಕಾಲು ನಿಲ್ಲದ ಆ ಚಡಪಡಿಕೆಯೂ ಕೆಲವು ಔಷಧಿಗಳ ಅಡ್ಡಪರಿಣಾಮವಾಗಿರಬಹುದು, ಒಳಗಿನಿಂದ ಬಹಳ ಹಿಂಸೆ ಕೊಡುತ್ತದೆ. ಅದಕ್ಕೆ ಚಿಕಿತ್ಸೆ ಇದೆ, ಬೇಗ ತೋರಿಸಿ. ಕೊಠಡಿಯಲ್ಲಿ ಓಡಾಡುತ್ತಾ ಇರಲು ಜಾಗ ಬಿಡಿ, ಚಹಾ ಹಂಚುವ ಕೆಲಸ ಅವರಿಗಿರಲಿ. ಕುಳಿತುಕೊಳ್ಳಿ ಎಂದು ಯಾರೂ ಒತ್ತಾಯಿಸಬಾರದು. ಮುಂದೆ ಎಂದಾದರೂ ಡೊಳ್ಳು, ಕೋಲಾಟದಂಥ ಮೈ ಬೆವರುವ ಚಟುವಟಿಕೆ ಇಟ್ಟುಕೊಂಡರೆ ಲಿಥಿಯಂ ತೆಗೆದುಕೊಳ್ಳುವವರಿಗೆ ಆಗಾಗ ನೀರು ಕುಡಿಸಿ. ಬೆವರಿ ಮೈಯ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಆ ಔಷಧಿಯ ಮಟ್ಟ ಏರಿ ತೊಂದರೆಯಾಗಬಹುದು. ದನಿ ಕೇಳಿಸುವವರಿಗೆ ಮುಚ್ಚಿದ ಕೋಣೆಯಲ್ಲಿ ಚಂಡೆಯ ಸದ್ದು ಹೆಚ್ಚಾಗಬಹುದು, ಕೇಳಿಕೊಂಡು ಬಾರಿಸಿ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಕೆಲಸ ಮಂಪರು ಇರುವವರಿಗೆ ಸದ್ಯ ಬೇಡ.

ಒಬ್ಬರು ಎರಡು ವಾರ ಬರದಿದ್ದರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ನೋಡಲಿ, ಆ ಹೊಣೆ ಯಾರದೆಂದು ಈಗಲೇ ನಿಗದಿ ಮಾಡಿಕೊಳ್ಳಿ. ದಿನ ಯಾವುದೆಂದು ನೀವು ಬರೆದಿಲ್ಲ. ಮಂಗಳವಾರ ಇಡಬೇಡಿ. ಅಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುತ್ತಾರೆ, ನಿಮ್ಮವರಲ್ಲಿ ಕೆಲವರಿಗೆ ಅಂದು ಅಲ್ಲಿಗೆ ಹೋಗಬೇಕಾಗುತ್ತದೆ. ಬುಧವಾರ ಇಟ್ಟರೆ ಹಿಂದಿನ ದಿನ ವೈದ್ಯರು ಹೇಳಿದ್ದೇನು, ಮುಂದಿನ ಸಲ ಕೇಳಬೇಕಾದದ್ದೇನು ಎಂಬುದನ್ನು ಆ ಮೊದಲ ಗಂಟೆಯಲ್ಲಿ ಅವರು ಪರಸ್ಪರ ಮಾತನಾಡಿಕೊಳ್ಳಬಹುದು.